ಮಂತ್ರದಿಂದ ಬದುಕಿದವರಿದ್ದಾರಲ್ಲ ಮೇಡಂ?

ನಾನು ಸಿಂಧನೂರಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಹಾವು ಚೇಳಿನ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಕ್ಲಾಸಿನಲ್ಲಷ್ಟೇ ಅಲ್ಲ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ ಕೂಡ.

"ನಮ್ಮ ಸೋದರಮಾವಗ ನಾಗರಹಾವು ಕಡಿದಿತ್ರೀ. ಮಂತ್ರ ಹಾಕಿಸಿದ್ವಿ. ಬೆಳಗಾಗೋದ್ರೊಳಗ ಎದ್ದು ಕುಂತ್ರು. ಕಣ್ಣಾರೆ ನೋಡೀನಿ. ಅದಕ್ಕೇನಂತೀರಿ ಮೇಡಂ?"

ಕೇಳಿದವರು ಸುಳ್ಳು ಹೇಳುತ್ತಿಲ್ಲ ಅನ್ನೋದು ನನ್ನ ಉತ್ತರದ ಮೊದಲ ಮಾತು. ಹಾವು ಕಡಿದಿದ್ದು ನಿಜ, ಮಂತ್ರ ಹಾಕಿಸಿದ್ದು ನಿಜ, ಮಾವ ಬದುಕಿದ್ದೂ ನಿಜ. ಆದರೆ ಮಾವನನ್ನು ಉಳಿಸಿದ್ದು ಆ ಹಾವೇ. ಅದು ಕಡಿಯಿತು, ವಿಷ ಬಿಡಲಿಲ್ಲ. ಬಿಟ್ಟಿದ್ದರೂ ಸಾಯುವಷ್ಟು ಬಿಡಲಿಲ್ಲ.

ಹಾವು ಕಡಿದ ಮೇಲೆ ವಿಷ ಬಿಡದೆ ಇರುತ್ತದಾ ಅಂತ ತುಂಬ ಜನ ನಂಬೋದಿಲ್ಲ. ಇರುತ್ತದೆ. ಹಾವಿಗೆ ವಿಷ ಇರುವುದು ನಮ್ಮನ್ನು ಕೊಲ್ಲುವುದಕ್ಕಲ್ಲ, ಊಟ ಸಂಪಾದಿಸುವುದಕ್ಕೆ. ಅದಕ್ಕೆ ಕೈ ಇಲ್ಲ, ಕಾಲಿಲ್ಲ, ಉಗುರಿಲ್ಲ. ಹಿಡಿದ ಇಲಿ ತಿರುಗಿ ಕಚ್ಚಿದರೆ ಹಾವಿನ ಕಣ್ಣೇ ಹೋಗಬಹುದು. ಇಲಿ ಬೇಗ ಬಿದ್ದುಬಿಡಬೇಕು, ವಿಷದ ಕೆಲಸ ಅದು. ಬಹುಪಾಲು ಪ್ರೋಟೀನುಗಳಿಂದಾದ ಈ ವಿಷ ತಯಾರಾಗುವುದು ಕಣ್ಣಿನ ಹಿಂದಿರುವ ಗ್ರಂಥಿಗಳಲ್ಲಿ. ದಿನಾ ಊಟ ಸಿಗದ ಪ್ರಾಣಿಗೆ ಅದನ್ನು ಮಾಡಿಕೊಳ್ಳುವುದು ಸುಲಭ ಅಲ್ಲ. ಒಮ್ಮೆ ಖಾಲಿಯಾದರೆ ಮತ್ತೆ ಪೂರ್ತಿ ತುಂಬಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಔಷಧಿಗಾಗಿ ಹಾವಿನ ವಿಷ ತೆಗೆಯುವ ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘ 1978ರಲ್ಲಿ ಶುರುವಾಯಿತು. ಅವರು ಕೂಡ ಒಂದು ಹಾವಿನಿಂದ ಕೆಲವೇ ಸಲ, ನಡುವೆ ಬಿಡುವು ಕೊಟ್ಟು ವಿಷ ತೆಗೆದು, ಆಮೇಲೆ ಅದನ್ನು ಬಿಟ್ಟುಬಿಡುತ್ತಾರೆ.

ನುಂಗಲಾಗದ ಮನುಷ್ಯನ ಮೇಲೆ ಇಷ್ಟು ಬೆಲೆಯ ವಿಷ ಖರ್ಚು ಮಾಡಿದರೆ ಹಾವಿಗೆ ಏನು ಲಾಭ? ಅದಕ್ಕೇ ಅದು ಮೊದಲು ಬೇರೆ ದಾರಿ ನೋಡುತ್ತದೆ. ನಾಗರಹಾವು ಹೆಡೆ ಎತ್ತುತ್ತದೆ, ಬುಸುಗುಡುತ್ತದೆ, ಕೆಲವು ಸಲ ಬಾಯಿ ಮುಚ್ಚಿಕೊಂಡೇ ಮೂತಿಯಿಂದ ಬಡಿಯುತ್ತದೆ. ಕೊಳಕುಮಂಡಲ ಕುಕ್ಕರಿನ ಹಾಗೆ ಸದ್ದು ಮಾಡುತ್ತದೆ. ನಮ್ಮ ಕಡೆಯ ಕಲ್ಲುಗುಡ್ಡಗಳಲ್ಲಿರುವ ಗರಗಸಮಂಡಲ ಮೈ ಸುತ್ತಿಕೊಂಡು, ಹುರುಪೆಗೆ ಹುರುಪೆ ಉಜ್ಜಿ ಕರಕರ ಅನಿಸುತ್ತದೆ. ಇಷ್ಟೆಲ್ಲ ಮಾಡೋದು ನಾವು ದೂರ ಹೋಗಲಿ ಅಂತ.

ನಾವು ಹೋಗದಿದ್ದರೆ, ಅಥವಾ ಕತ್ತಲಲ್ಲಿ ಅದರ ಮೇಲೆಯೇ ಕಾಲಿಟ್ಟರೆ ಕಚ್ಚುತ್ತದೆ. ಆಗಲೂ ಎಷ್ಟು ವಿಷ ಒಳಗೆ ಹೋಯಿತು ಅನ್ನೋದು ಒಂದೊಂದು ಸಲ ಒಂದೊಂದು ಥರ. ಹಲ್ಲು ಸರಿಯಾಗಿ ನಾಟಿರುವುದಿಲ್ಲ. ಲುಂಗಿಯೋ ಪ್ಯಾಂಟೋ ಅಡ್ಡ ಬಂದಿರುತ್ತದೆ. ಈಗಷ್ಟೇ ಇಲಿ ಹಿಡಿದು ವಿಷ ಖರ್ಚಾಗಿರುತ್ತದೆ. ಅಥವಾ ಗ್ರಂಥಿಯನ್ನು ಹಿಂಡುವ ಸ್ನಾಯುವನ್ನು ಹಾವು ಪೂರ್ತಿ ಹಿಂಡಿರುವುದೇ ಇಲ್ಲ. ಗಾಯ ಇದೆ, ವಿಷ ಇಲ್ಲ. ಡಾಕ್ಟರುಗಳು ಇದನ್ನು ಒಣ ಕಡಿತ ಅನ್ನುತ್ತಾರೆ.

ಇನ್ನು ವಿಷವೇ ಇಲ್ಲದ ಹಾವುಗಳ ಕಡಿತ. ನಮ್ಮ ದೇಶದಲ್ಲಿ ಸುಮಾರು 300 ಜಾತಿಯ ಹಾವುಗಳಿವೆ. ಬಹುಪಾಲು ಹಾವುಗಳಿಂದ ಮನುಷ್ಯನ ಜೀವಕ್ಕೆ ಅಪಾಯ ಇಲ್ಲ. ಹೆಚ್ಚು ಸಾವು ತರುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಭತ್ತ ಇದ್ದಲ್ಲಿ ಇಲಿ, ಕಪ್ಪೆ. ಅವುಗಳ ಹಿಂದೆ ಹಾವು. ಗದ್ದೆಯ ನೀರುಹಾವು ಮುಟ್ಟಿದರೆ ಸಾಕು, ಪಟ್ಟನೆ ಕಚ್ಚುತ್ತದೆ. ರಕ್ತ ಬರುತ್ತದೆ, ಅಷ್ಟೇ. ಆದರೆ ಕಡಿಸಿಕೊಂಡವರಿಗೆ ಎದೆ ಬಡಿತ ಏರುತ್ತದೆ, ಬೆವರು ಕಿತ್ತುಬರುತ್ತದೆ, ತಲೆ ಸುತ್ತುತ್ತದೆ. ನೋಡಿದವರು ವಿಷ ಏರಿತು ಅಂತಲೇ ತಿಳಿಯುತ್ತಾರೆ. ಅಲ್ಲಿ ಒಬ್ಬ ಹಿರಿಯರು ಕೂತು, ಬೇವಿನ ಸೊಪ್ಪು ಆಡಿಸಿ, ಮೆಲ್ಲಗೆ ಮಂತ್ರ ಹೇಳಿದರೆ ಆ ಹೆದರಿಕೆ ಇಳಿಯುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಹಿರಿಯರಲ್ಲಿ ಹಲವರು ಒಂದು ರೂಪಾಯಿಯನ್ನೂ ಮುಟ್ಟದವರು, ನಡುರಾತ್ರಿಯಲ್ಲೂ ಎದ್ದು ಬರುವವರು. ಅವರ ಮೇಲೆ ನನಗೆ ಗೌರವ ಇದೆ.

ಈಗ ಲೆಕ್ಕ ನೋಡಿ. ಮಂತ್ರ ಹಾಕುವವರ ಹತ್ತಿರ ಬರುವವರಲ್ಲಿ ವಿಷವಿಲ್ಲದ ಹಾವು ಕಡಿದವರಿದ್ದಾರೆ, ಒಣ ಕಡಿತದವರಿದ್ದಾರೆ, ಸ್ವಲ್ಪವೇ ವಿಷ ಹೋದವರಿದ್ದಾರೆ. ಇವರು ಏನು ಮಾಡಿದರೂ, ಏನೂ ಮಾಡದಿದ್ದರೂ ಹೆಚ್ಚಾಗಿ ಬದುಕುತ್ತಾರೆ. ಅವರ ಕಥೆ ಊರೆಲ್ಲ ಹರಡುತ್ತದೆ. ಪೂರ್ತಿ ವಿಷ ಬಿದ್ದವರು ಕಥೆ ಹೇಳಲು ಉಳಿಯುವುದಿಲ್ಲ. ಅವರ ಬಗ್ಗೆ "ತಡಾ ಮಾಡಿ ಕರ್ಕೊಂಡ್ ಬಂದ್ರು", "ಹಣೆಬರಹ" ಅನ್ನುತ್ತಾರೆ. ಮಂತ್ರದ ಹೆಸರು ಅಲ್ಲಿ ಬರುವುದೇ ಇಲ್ಲ.

ಹೆಜ್ಜೇನಿನ ದಾಳಿಗೆ ಮಂತ್ರ ಹಾಕಿಸಿದ ಕಥೆ ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಕಾರಣ ಇದೆ. ಹೆಜ್ಜೇನು ವಿಷ ಬಳಸುವುದು ಬೇಟೆಗಲ್ಲ, ಗೂಡು ಕಾಯುವುದಕ್ಕೆ. ಅಲ್ಲಿ ಉಳಿತಾಯದ ಮಾತೇ ಇಲ್ಲ. ಅದರ ಮುಳ್ಳಿಗೆ ಹಿಮ್ಮುಖ ಕೊಕ್ಕೆಗಳಿವೆ. ಚುಚ್ಚಿದ ಮೇಲೆ ಮುಳ್ಳು, ವಿಷದ ಚೀಲ ಎರಡೂ ನಮ್ಮ ಚರ್ಮದಲ್ಲೇ ಉಳಿದು ಹುಳ ಸಾಯುತ್ತದೆ. ಚೀಲ ಮಾತ್ರ ಇನ್ನೂ ವಿಷ ತಳ್ಳುತ್ತಲೇ ಇರುತ್ತದೆ. ಜೊತೆಗೆ ಬರುವ ವಾಸನೆ ಉಳಿದ ಹುಳಗಳನ್ನು ಅದೇ ಜಾಗಕ್ಕೆ ಕರೆಯುತ್ತದೆ. ಹಾಗಾಗಿ ಮೊದಲು ಅಲ್ಲಿಂದ ಓಡಬೇಕು, ಆಮೇಲೆ ಹೇಗಾದರೂ ಸರಿ, ಮುಳ್ಳುಗಳನ್ನು ಬೇಗ ತೆಗೆಯಬೇಕು.

ಹೆಜ್ಜೇನು ಕಡಿದರೆ ಆ ಕ್ಷಣಕ್ಕೇ ಜೀವ ಹೋಗುವಷ್ಟು ನೋವು. ಕಾವಲಿಗೆ ಇರುವ ವಿಷ ನೋಯಿಸಲೇಬೇಕು, ಇಲ್ಲದಿದ್ದರೆ ಶತ್ರು ಓಡುವುದಿಲ್ಲ. ಬೇಟೆಗೆ ಇರುವ ವಿಷಕ್ಕೆ ಆ ಹಂಗಿಲ್ಲ. ನಮ್ಮ ಜನ ಇದನ್ನು ಗೊತ್ತುಮಾಡಿಕೊಳ್ಳಲೇಬೇಕು ಅಂತ ನಾನು ಪದೇ ಪದೇ ಹೇಳುತ್ತೇನೆ, ಕಟ್ಟುಹಾವಿನ ಕಾರಣಕ್ಕೆ.

ಕಟ್ಟುಹಾವು ಮೈ ಕಪ್ಪು, ಮೇಲೆ ತೆಳು ಬಿಳಿ ಪಟ್ಟೆಗಳು. ರಾತ್ರಿ ಓಡಾಡುತ್ತದೆ. ಬೇರೆ ಹಾವು, ಹಲ್ಲಿ, ಇಲಿ ತಿನ್ನುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಮನೆಯೊಳಗೆ ಮಲಗುವುದೇ ಆಗುವುದಿಲ್ಲ. ಅಂಗಳದಲ್ಲಿ, ಕಟ್ಟೆಯ ಮೇಲೆ, ಹೊಲದ ಗುಡಿಸಲಲ್ಲಿ ಚಾಪೆ ಹಾಸಿ ಮಲಗುತ್ತೇವೆ. ಅದು ಹಾಸಿಗೆಗೆ ಬಂದು ಕಡಿದರೆ ಇರುವೆ ಕಚ್ಚಿದಷ್ಟೂ ನೋವಾಗದೆ ಇರಬಹುದು. ಬಾವು ಇಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಅಂತ ಏಳುತ್ತಾರೆ. ಮನೆಯವರು ಅಜೀರ್ಣ ಅಂತ ಓಂಕಾಳು ಕೊಡುತ್ತಾರೆ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಈ ವಿಷ ನರದ ತುದಿಗಳನ್ನೇ ಹಾಳು ಮಾಡುತ್ತದೆ. ಹಾಳಾದ ತುದಿಯನ್ನು ಯಾವ ಇಂಜೆಕ್ಷನ್ನೂ ಮತ್ತೆ ಕಟ್ಟಿಕೊಡಲಾರದು. ಅದು ತಾನಾಗಿ ಬೆಳೆಯುವ ತನಕ ದಿನಗಟ್ಟಲೆ ವೆಂಟಿಲೇಟರ್ ಬೇಕಾಗಬಹುದು. ಕಣ್ಣು ತೆರೆಯಲಾಗದೆ ಬಿದ್ದಿರುವ ಆ ಮನುಷ್ಯನಿಗೆ ಸುತ್ತಲಿನ ಮಾತೆಲ್ಲ ಕೇಳಿಸುತ್ತಿರಬಹುದು. ಸತ್ತರು ಅಂತ ದಯವಿಟ್ಟು ಕೈಬಿಡಬೇಡಿ.

ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಈ ಕಡಿತವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಮಂಚ ಇದ್ದರೆ ಇನ್ನೂ ಒಳ್ಳೆಯದು.

ಮಂಡಲ ಹಾವುಗಳದು ಬೇರೆ ರೀತಿ. ಕಚ್ಚಿದ ಜಾಗ ಬಾಯುತ್ತದೆ, ಉರಿಯುತ್ತದೆ. ಇವುಗಳ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಒಳಗೊಳಗೇ ಕೆರಳಿಸಿ ಖಾಲಿ ಮಾಡಿಬಿಡುತ್ತದೆ. ಆಮೇಲೆ ಒಸಡಿನಿಂದ, ಮೂತ್ರದಲ್ಲಿ, ಹಳೆ ಗಾಯದಿಂದ ರಕ್ತ ನಿಲ್ಲದೆ ಬರುತ್ತದೆ. ಕೊಳಕುಮಂಡಲವಾದರೆ ಕಿಡ್ನಿಗೂ ಪೆಟ್ಟು. ಇಲ್ಲಿ ಬ್ಲೇಡಿನಿಂದ ಕೊಯ್ದು ವಿಷ ತೆಗೆಯುತ್ತೇವೆ ಅನ್ನುವುದು ಎಂಥ ಅನಾಹುತ, ಯೋಚಿಸಿ. ಹೆಪ್ಪುಗಟ್ಟದ ರಕ್ತ ಅದು. ಬಿಗಿಯಾಗಿ ಹಗ್ಗ ಕಟ್ಟುವುದೂ ಬೇಡ. ಕಾಲೇ ಕೊಳೆಯುವ ಹಾಗಾಗುತ್ತದೆ.

ಚೇಳಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಮುಂದೆ ದಪ್ಪ ಇಕ್ಕಳ ಇರುವ ದೊಡ್ಡ ಕರಿ ಚೇಳನ್ನು ಕಂಡರೆ ಜಾಸ್ತಿ ಹೆದರುತ್ತಾರೆ. ಅದು ಬೇಟೆಯನ್ನು ಇಕ್ಕಳದಲ್ಲೇ ಅಮುಕಿ ಹಿಡಿಯುತ್ತದೆ, ವಿಷದ ಮೇಲೆ ಅಷ್ಟಾಗಿ ನಂಬಿ ಕೂತಿಲ್ಲ. ಅಪಾಯ ಇರುವುದು ತೆಳು ಇಕ್ಕಳದ ಸಣ್ಣ ಕೆಂಪು ಚೇಳಿನಲ್ಲಿ. ಕಲ್ಲಿನ ಸಂದಿ, ಹೆಂಚು, ಕಟ್ಟಿಗೆ ರಾಶಿ ಅದರ ಜಾಗ. ಮಕ್ಕಳಿಗೆ ಕುಟುಕಿದರೆ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುವುದು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಬಿಪಿ ಮಾತ್ರೆಯನ್ನು ಇದಕ್ಕೆ ಬಳಸಿ ತೋರಿಸಿದರು. ಎಷ್ಟೋ ಹಳ್ಳಿಯ ಮಕ್ಕಳು ಅದರಿಂದ ಉಳಿದರು. ಅಂಥ ಡಾಕ್ಟರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಂತ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಚೇಳೂ ವಿಷ ಉಳಿಸುತ್ತದೆ. ಆಫ್ರಿಕಾದ ಒಂದು ಚೇಳಂತೂ ಮೊದಲು ನೋವು ಮಾತ್ರ ಕೊಡುವ ತಿಳಿ ದ್ರವ ಬಿಡುತ್ತದೆ. ಶತ್ರು ಬಿಡದಿದ್ದರೆ ಮಾತ್ರ ಹಾಲಿನಂಥ ಗಟ್ಟಿ ವಿಷ.

ಹಾಗಾದರೆ ಒಣ ಕಡಿತವೇ ಇರಬಹುದು ಅಂತ ಮನೆಯಲ್ಲಿ ಕಾದು ನೋಡಬಹುದಲ್ವಾ? ಈ ಪ್ರಶ್ನೆಯೂ ಬರುತ್ತದೆ. ಆಗೋದಿಲ್ಲ. ಕಡಿದ ಹೊತ್ತಿನಲ್ಲಿ ಅದು ಒಣ ಕಡಿತವೋ ಪೂರ್ತಿ ಕಡಿತವೋ ಅಂತ ಗಾಯ ನೋಡಿ ಹೇಳಲು ಯಾರಿಗೂ ಬರುವುದಿಲ್ಲ. ಡಾಕ್ಟರಿಗೂ ಬರುವುದಿಲ್ಲ. ಅವರು ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಕೆಲಸ ಶುರು ಮಾಡಿದೆ ಅಂತ ಅರ್ಥ. ರೆಪ್ಪೆ ನೋಡುತ್ತಾರೆ, ಉಸಿರು ನೋಡುತ್ತಾರೆ, ಗಂಟೆಗಂಟೆಗೂ ನೋಡುತ್ತಾರೆ. ಸಾಮಾನ್ಯವಾಗಿ 24 ಗಂಟೆ ಇರಿಸಿಕೊಳ್ಳುತ್ತಾರೆ. "ಇಂಜೆಕ್ಷನ್ ಕೊಡಲಿಲ್ಲ, ಸುಮ್ನೆ ಮಲಗಿಸಿದ್ರು" ಅಂತ ಸಿಟ್ಟಾಗಿ ಎದ್ದು ಬರುವವರನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ. ಹಾವಿನ ವಿಷಕ್ಕೆ ಮದ್ದಾಗಿರುವ ಆ ಇಂಜೆಕ್ಷನ್ ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕೆಲವರಿಗೆ ಜೋರಾಗಿ ಅಲರ್ಜಿ ಆಗಬಹುದು. ಅದಕ್ಕೇ ವಿಷದ ಲಕ್ಷಣ ಕಂಡರೆ ಮಾತ್ರ ಕೊಡುತ್ತಾರೆ. ಕೊಡುವಾಗ ಪುಟ್ಟ ಮಗುವಿಗೂ ದೊಡ್ಡವರಷ್ಟೇ ಕೊಡುತ್ತಾರೆ, ಯಾಕೆಂದರೆ ಮಗುವನ್ನು ನೋಡಿ ಹಾವು ಕಡಿಮೆ ವಿಷ ಬಿಟ್ಟಿರುವುದಿಲ್ಲ.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ಸುಮಾರು ಅರ್ಧ ಸಾವು ಮಳೆಗಾಲದಲ್ಲಿ. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ.

ಮಂತ್ರ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ನನ್ನ ಉಳಿದ ಮಾತನ್ನೂ ಕೇಳುವುದಿಲ್ಲ. ಕಡಿದ ಕೈ ಅಥವಾ ಕಾಲಿಗೆ ಒಂದು ಕಡ್ಡಿ ಆಸರೆ ಕೊಟ್ಟು ಅಲುಗಾಡದ ಹಾಗೆ ಬಟ್ಟೆ ಸುತ್ತಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ನಡೆಸಬೇಡಿ. 108ಕ್ಕೆ ಫೋನ್ ಮಾಡಿ, ತಡವಾಗುತ್ತದೆ ಅನಿಸಿದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ, ಕೊಂದು ತರುವುದೂ ಬೇಡ. ಎಷ್ಟು ಗಂಟೆಗೆ ಕಡಿಯಿತು ಅಂತ ಮಾತ್ರ ನೆನಪಿಟ್ಟುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಮಂತ್ರ ಹಾಕುವ ಹಿರಿಯರಿಗೆ ದಾರಿಯಲ್ಲೇ ಫೋನ್ ಮಾಡಿ. ಈಗ ಅವರಲ್ಲಿ ಕೆಲವರು ತಾವೇ "ಮೊದಲು ದವಾಖಾನಿಗೆ ಹೋಗ್ರಿ, ನಾ ಇಲ್ಲಿಂದಾನ ಹಾಕ್ತೀನಿ" ಅನ್ನುತ್ತಾರೆ. ಅವರಿಗೆ ನಾನು ಕೈ ಮುಗಿಯುತ್ತೇನೆ.