ವೇಗಸ್ ಸರ್

ಮೆಡಿಕಲ್ ಕಾಲೇಜಿನ ನಮ್ಮ ಫಿಸಿಯಾಲಜಿ ಸರ್ ತೀರಿಕೊಂಡಾಗ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಸುದ್ದಿ ಇಷ್ಟೇ: ‘ವೇಗಸ್ ಸರ್ ಹೋದ್ರಂತೆ.’ ಅರ್ಧ ಜನಕ್ಕೆ ಅವರ ನಿಜವಾದ ಹೆಸರು ತಕ್ಷಣ ನೆನಪಾಗಲಿಲ್ಲ. ಆ ಅಡ್ಡಹೆಸರು ಇಟ್ಟವನು ನಾನೇ. ಅಷ್ಟರಮಟ್ಟಿಗೆ ಕಾಲೇಜಿನ ಇತಿಹಾಸದಲ್ಲಿ ನನ್ನದೂ ಪಾಲಿದೆ!

ಪಾಠ ಎಲ್ಲಿಂದ ಶುರುವಾದರೂ ಅವರು ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರಕ್ಕೇ ಬಂದು ನಿಲ್ಲುತ್ತಿದ್ದರು. ‘ಹೃದಯಾನ ಅದರ ಪಾಡಿಗೆ ಬಿಟ್ರ ನಿಮಿಷಕ್ಕ 100 ಸಲ ಬಡಿತೈತಿ. ನಿಮ್ದು 70ರ ಸುತ್ತ ಯಾಕೈತಿ?’ ಎಂದು ತಮ್ಮ ಹಿಂಗತ್ತು ತಟ್ಟಿಕೊಳ್ಳುತ್ತಿದ್ದರು. ಮಿದುಳು ಬೆನ್ನುಹುರಿಗೆ ಸೇರುವ ಕಡೆ ಇರುವ ಮೆಡುಲ್ಲಾ, ಇಳಿಜಾರಿನಲ್ಲಿ ಸೈಕಲ್ ಬಿಟ್ಟವರ ಹಾಗೆ, ವೇಗಸ್ ಮೂಲಕ ಸದಾ ಮೆಲ್ಲಗೆ ಬ್ರೇಕ್ ಹಿಡಿದಿರುತ್ತದೆ. ಮಲಗಿದ್ದವರು ಎದ್ದು ನಿಂತರೆ ಸುಮಾರು ಅರ್ಧ ಲೀಟರ್ ರಕ್ತ ಕೆಳಗೆ ಇಳಿಯುತ್ತದೆ. ಕತ್ತಿನ ಕೆರೋಟಿಡ್ ರಕ್ತನಾಳದಲ್ಲೂ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಅಯೋರ್ಟಾದ ಬಾಗಿನಲ್ಲೂ ಇರುವ ಸೂಕ್ಷ್ಮ ನರತುದಿಗಳಿಗೆ ಒತ್ತಡ ಇಳಿದದ್ದು ಗೊತ್ತಾಗುತ್ತದೆ. ಸುದ್ದಿ ಮೆಡುಲ್ಲಾಗೆ ಮುಟ್ಟಿದ್ದೇ ಬ್ರೇಕ್ ಸಡಿಲ, ಹೃದಯ ಚುರುಕು. ವೇಗಸ್‌ಗೆ ಎದುರು ಕೆಲಸ ಮಾಡುವ ಸಿಂಪಥೆಟಿಕ್ ನರಗಳು ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಕೆಲವೇ ಸೆಕೆಂಡಿನಲ್ಲಿ ಬಿ.ಪಿ. ಸರಿಹೋಗುತ್ತದೆ. ಮಿಕ್ಕ ಸಿಲಬಸ್ ಏನಿತ್ತೋ, ದೇವರಾಣೆ ನೆನಪಿಲ್ಲ.

ಬಳ್ಳಾರಿಯ ಏಪ್ರಿಲ್ ಬಿಸಿಲು ಗೊತ್ತಲ್ಲ. ಮಧ್ಯಾಹ್ನ ಟೆಸ್ಟ್. ಯಾರೂ ಓದಿಲ್ಲ. ಗೆಳೆಯನೊಬ್ಬ ಮೂರ್ಛೆ ಬಿದ್ದರೆ ಟೆಸ್ಟ್ ಮುಂದೆ ಹೋಗುತ್ತೆ ಅಂತ ನಮ್ಮ ಲೆಕ್ಕ. ಮುಖದಲ್ಲಿ ಬೆವರು ಕಾಣಲಿ ಎಂದು ಅವನನ್ನು ಮೊದಲು ಮೆಟ್ಟಿಲು ಹತ್ತಿಸಿ ಇಳಿಸಿದೆವು. ವರಾಂಡಾದಲ್ಲಿ ಅವನು ಚೆನ್ನಾಗಿಯೇ ಬಿದ್ದ. ನಾವು ರೆಕಾರ್ಡ್ ಪುಸ್ತಕದಿಂದ ಗಾಳಿ ಬೀಸಿದೆವು. ಸರ್ ಬಂದು ಕುಕ್ಕರುಗಾಲಲ್ಲಿ ಕೂತು ಮಣಿಕಟ್ಟು ಹಿಡಿದರು. ವಾಚ್ ನೋಡಿದರು.

‘ನಿಂತಲ್ಲೇ ಎಚ್ಚರ ತಪ್ಪಿದಾಗ ವೇಗಸ್ ಜೋರ್ ಬ್ರೇಕ್ ಹಾಕಿರ್ತೈತಿ. ನಾಡಿ ನಿಧಾನ ಇರ್ತೈತಿ. ನಿಂದು 130 ಐತಲ್ಲೋ! ಏಳಪಾ, ಟೆಸ್ಟಿಗೆ ಹೊತ್ತಾತು.’

ಸಂಜೆ ಅವನೊಬ್ಬನಿಗೇ ಒಗ್ಗರಣಿ ಮಿರ್ಚಿ ಕೊಡಿಸಿದರು. ನಟನೆಗಂತೆ. ಗಾಳಿ ಬೀಸಿದವರಿಗೆ ಏನೂ ಇಲ್ಲ.

ಈಗಿನ ಹುಡುಗರು ನಮಗಿಂತ ಜಾಣರು, ಸುಳ್ಳಲ್ಲ. ನೀಟ್‌ನ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಕಣ್ಣುಮುಚ್ಚಿ ಆರಿಸುತ್ತಾರೆ. ಆದರೆ ಬೆರಳಿಗೆ ನಾಡಿ ಎಣಿಸುವ ಕ್ಲಿಪ್ ಸಿಕ್ಕಿಸಿ ಪರದೆ ನೋಡುತ್ತಾರೆ, ರೋಗಿಯ ಕೈ ಹಿಡಿಯುವುದಿಲ್ಲ. ತಲೆ ಸುತ್ತುತ್ತೆ ಎಂದು ಬರುವ ಅಜ್ಜ ಅಜ್ಜಿಯರಿಗೆ ನಾನು ಈಗಲೂ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡುತ್ತೇನೆ. ನಿಂತಾಗ ಮೇಲಿನ ಅಂಕಿ 20 ಇಳಿದರೆ, ಯಾವುದಾದರೂ ಮಾತ್ರೆಯ ಕೆಲಸವೇನೋ ಎಂದು ಮೊದಲು ಅವರ ಮಾತ್ರೆ ಚೀಟಿ ಕೇಳುತ್ತೇನೆ. ಎಷ್ಟು ಡಾಕ್ಟರು ಇಷ್ಟು ಹೊತ್ತು ಕೊಡುತ್ತಾರೆ, ನೀವೇ ಹೇಳಿ?