ಮಂಜರಾಬಾದಿನ ಮದ್ದಿನ ಮನೆ

ಮಂಜರಾಬಾದ್ ಕೋಟೆಗೆ ಬರುವವರೆಲ್ಲ ಡ್ರೋನಿನಲ್ಲಿ ತೆಗೆದ ಫೋಟೋ ನೋಡಿಕೊಂಡೇ ಬರುತ್ತಾರೆ. ಎಂಟು ಮೂಲೆಯ ನಕ್ಷತ್ರ, ನಿಜವಾಗಲೂ ಚಂದ. ಆದರೆ ಕೋಟೆ ಅಂದ ಕೂಡಲೇ ನನ್ನ ಕಣ್ಣಿಗೆ ಬರುವುದು ನಡುವಿನ ಬಾವಿ ಪಕ್ಕದ ನೆಲಮಾಳಿಗೆ. ಅದೇ ಮದ್ದಿನ ಮನೆ, ಕೋವಿ ಫಿರಂಗಿಗೆ ಬೇಕಾದ ಸಿಡಿಮದ್ದು ಕೂಡಿಡುತ್ತಿದ್ದ ಜಾಗ. ಅಂಥವು ಎರಡಿವೆ.

ಕಳೆದ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಸಕಲೇಶಪುರ ದಾಟಿ ಮಂಗಳೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್, ದೋಣಿಗಾಲ್ ಹತ್ತಿರ ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಬೇಕು. ಎಂಟು ಗಂಟೆಯಾದರೂ ಮಂಜು ಕರಗಿರಲಿಲ್ಲ. ಟಿಪ್ಪು ಬಂದಾಗಲೂ ಹೀಗೇ ಇತ್ತಂತೆ, ಅದಕ್ಕೇ ಈ ಹೆಸರು ಇಟ್ಟ ಅಂತ ನಮ್ಮ ಕಡೆ ಹೇಳುತ್ತಾರೆ.

ಕೋಟೆ ಕಟ್ಟಿಸಿದ್ದು 1792ರಲ್ಲಿ. ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಸೇರಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಅವನ ಗಂಡುಮಕ್ಕಳಲ್ಲಿ ಇಬ್ಬರನ್ನು ಒತ್ತೆ ಇಟ್ಟುಕೊಂಡ ವರ್ಷ ಅದು. ಅವನ ಕೈಯಲ್ಲಿ ಉಳಿದ ದೊಡ್ಡ ರೇವು ಅಂದರೆ ಮಂಗಳೂರು. ಅಲ್ಲಿಂದ ಬರುವ ದಾರಿ ಕಾಯಲು ಘಾಟಿ ನೆತ್ತಿಯಲ್ಲಿ, 988 ಮೀಟರ್ ಎತ್ತರದಲ್ಲಿ ಈ ಕೋಟೆ. ಆಕಾರ ಅಂದಕ್ಕೆ ಮಾಡಿದ್ದಲ್ಲ. ಗೋಡೆ ಬುಡಕ್ಕೆ ಬಂದವನ ಮೇಲೆ ಪಕ್ಕದ ಮೂಲೆಯಿಂದ ಗುಂಡು ಬೀಳುತ್ತದೆ, ಅವನಿಗೆ ಅಡಗಲು ಜಾಗವೇ ಇರುವುದಿಲ್ಲ. ಫ್ರಾನ್ಸಿನ ಸೇನಾ ಇಂಜಿನಿಯರ್ ವೋಬಾನ್ ಬೆಳೆಸಿದ ಕ್ರಮ ಇದು.

ಇಷ್ಟೆಲ್ಲ ಇದ್ದರೂ ಮದ್ದು ನೆಂದರೆ ಕೋಟೆ ಸುಮ್ನೆ ಕಲ್ಲಿನ ರಾಶಿ, ಅಲ್ವಾ? ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಪುಡಿ ಅದು. ನೀರು ತಾಗಿದರೆ ಉಪ್ಪು ಕರಗಿ ಬೇರೆಯಾಗುತ್ತದೆ, ಮತ್ತೆ ಒಣಗಿಸಿದರೂ ಮೊದಲಿನ ಹಾಗೆ ಉರಿಯುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಉಪ್ಪಿನ ಜಾಡಿಯೇ ನೀರೊಡೆಯುತ್ತದೆ, ಬೀರುವಿನೊಳಗಿನ ಬೆಲ್ಟಿಗೆ ಬೂಷ್ಟು ಬರುತ್ತದೆ. ಅಂಥ ಊರಲ್ಲಿ ನೆಲದೊಳಗೆ ಮದ್ದು ಕಾಯಬೇಕಿತ್ತು. ಹೊರಗೋಡೆಗೆ ಕಲ್ಲು, ಒಳಗಡೆ ಇಟ್ಟಿಗೆ, ಸುಣ್ಣದ ಗಾರೆ. ಒಳಗೆ ನಿಂತು ಗೋಡೆಗೆ ಅಂಗೈ ಒತ್ತಿದೆ, ತಣ್ಣಗಿತ್ತು. ಆ ತಂಪು ಬೇಕೆಂದೇ ಕಟ್ಟಿದ್ದು, ಬೇಸಿಗೆಯಲ್ಲೂ ಮದ್ದು ಬಿಸಿಯಾಗಬಾರದು ಅಂತ.

ಹುಡುಗ ಮೊಬೈಲ್ ಬೆಳಕು ಬಿಟ್ಟ. ಗಾರೆಯ ಮೇಲೆ ಬೀಗದ ಕೈಯಲ್ಲಿ ಕೆತ್ತಿದ ಹೆಸರುಗಳು, ನಡುವೆ ಬಾಣ ಚುಚ್ಚಿದ ಹೃದಯ. ಹೊಟ್ಟೆ ಉರಿಯಿತು. ಗಾರೆ ಕಿತ್ತ ಕಡೆಯಿಂದಲೇ ನೀರು ಇಳಿಯುವುದು, ಇನ್ನೂರು ಚಿಲ್ಲರೆ ಮಳೆಗಾಲ ತಡೆದ ಗೋಡೆ ಅದು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

"ಮಾಮ, ಇದನ್ನ ಕಟ್ಟಿದವರ ಹೆಸರು ಎಲ್ಲಿದೆ?" ಅಂದ. ಹುಡುಕಿದೆವು, ನಮಗೆ ಕಾಣಲಿಲ್ಲ. ನಮ್ಮ ಜಿಲ್ಲೆಯಲ್ಲಿ ದನ ಕಾಯುತ್ತಾ ಸತ್ತವನಿಗೂ ವೀರಗಲ್ಲು ನಿಲ್ಲಿಸಿದ್ದಾರೆ. ಹಳೇಬೀಡಿನಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಜೊತೆ ಪ್ರಾಣ ಬಿಟ್ಟ ದಂಡನಾಯಕ ಕುವರ ಲಕ್ಷ್ಮನಿಗೆ ಕಂಬವೇ ಇದೆ, ಜೊತೆಯಲ್ಲಿ ಸತ್ತ ಹೆಂಡತಿ, ಸಂಗಡಿಗರ ಮಾತೂ ಆ ಶಾಸನದಲ್ಲಿದೆ. ಇಲ್ಲಿ ಇಟ್ಟಿಗೆ ಹೊತ್ತವರಿಗೆ ಒಂದು ಸಾಲೂ ಇಲ್ಲ.

ಬೆಳಕು ಆರಿಸಿ ಹೊರಗೆ ಬರುವಾಗ ಹುಡುಗ ಒಂದು ಗಳಿಗೆ ಹಿಂದೆ ಉಳಿದ. ತಿರುಗಿ ನೋಡಿದರೆ ಉದುರಿ ಬಿದ್ದಿದ್ದ ಗಾರೆಯ ಚೂರೊಂದನ್ನು ಎತ್ತಿ, ಯಾರೂ ತುಳಿಯದ ಹಾಗೆ ಗೋಡೆಯ ಬುಡಕ್ಕೆ ಸರಿಸುತ್ತಿದ್ದ.