ಮೊಲದ ದುಡ್ಡಲ್ಲಿ ಉಳಿದ ಬೆಟ್ಟಗುಡ್ಡ

ಬೋನೆಸ್‌ ಊರಿನಲ್ಲಿ ವಿಂಡರ್‌ಮಿಯರ್ ಸರೋವರ ಕಣ್ಣಿಗೆ ಬೀಳುವ ಮೊದಲೇ ಮೊಲ ಬೀಳುತ್ತದೆ. ಬಿಯಾಟ್ರಿಕ್ಸ್ ಪಾಟರ್ ಎಂಬ ಇಂಗ್ಲಿಷ್ ಲೇಖಕಿಯ ಮಕ್ಕಳ ಕಥೆಯ ನಾಯಕ, ನೀಲಿ ಕೋಟು ತೊಟ್ಟ ಪೀಟರ್ ರ‍್ಯಾಬಿಟ್. ಕಪ್ಪಿನ ಮೇಲೆ ಅವನೇ, ಟವೆಲ್ ಮೇಲೆ ಅವನೇ, ಬಿಸ್ಕತ್ತಿನ ಡಬ್ಬಿಯ ಮೇಲೂ ಅವನೇ. ಇಂಗ್ಲೆಂಡಿನ ವಾಯವ್ಯ ಮೂಲೆಯ ಈ ಲೇಕ್ ಡಿಸ್ಟ್ರಿಕ್ಟ್‌ಗೆ ಜನ ಬೆಟ್ಟ ಹತ್ತೋಕೆ ಬರುತ್ತಾರೆ, ದೋಣಿಯಲ್ಲಿ ಸುತ್ತೋಕೆ ಬರುತ್ತಾರೆ. ನಾವು ಹೋಗಿದ್ದು ಮಗಳ ಹಟಕ್ಕೆ, ಮೊಲವನ್ನು ನೋಡೋಕೆ.

ಮೊದಲು ಹೊಕ್ಕಿದ್ದು ‘ವರ್ಲ್ಡ್ ಆಫ್ ಬಿಯಾಟ್ರಿಕ್ಸ್ ಪಾಟರ್’. ಪಾಟರ್ ಬರೆದ ಪುಟ್ಟ ಪುಸ್ತಕಗಳ ದೃಶ್ಯಗಳನ್ನು ಬೊಂಬೆ, ಬೆಳಕು, ಸದ್ದು ಬಳಸಿ ಇಲ್ಲಿ ಎಬ್ಬಿಸಿ ನಿಲ್ಲಿಸಿದ್ದಾರೆ. ಬಾತುಕೋಳಿ ಜೆಮೈಮಾ, ಬಟ್ಟೆ ಒಗೆದು ಇಸ್ತ್ರಿ ಮಾಡುವ ಮುಳ್ಳುಹಂದಿ ಟಿಗ್ಗಿ-ವಿಂಕಲ್, ಎಲ್ಲರೂ ಇದ್ದಾರೆ. ಮಗಳು ಒಂದೊಂದರ ಮುಂದೆಯೂ ನಿಂತಳು. ನನಗೆ ಅಷ್ಟು ಹಿಡಿಸಲಿಲ್ಲ. ಮಕ್ಕಳ ಪುಟ್ಟ ಕೈಗೆ ಹಿಡಿಯಬೇಕು ಅಂತ ಪಾಟರ್ ತಮ್ಮ ಪುಸ್ತಕಗಳನ್ನು ಬೇಕೆಂದೇ ಚಿಕ್ಕದಾಗಿ ಮಾಡಿಸಿದವರು. ಆ ಚಿತ್ರಗಳನ್ನು ಹೀಗೆ ದೊಡ್ಡದು ಮಾಡಿದರೆ ಏನೋ ಸೋರಿಹೋಗುತ್ತದೆ. ಹೊರಗಡೆ ಇರುವ ಪೀಟರ್‌ನ ತರಕಾರಿ ತೋಟ ಮಾತ್ರ ಇಷ್ಟವಾಯಿತು. ಅಲ್ಲಿ ಬೆಳೆದಿದ್ದು ನಿಜವಾದ ಸೊಪ್ಪು.

“ಅಪ್ಪಾ, ಪೀಟರ್‌ನ ಅಪ್ಪ ಎಲ್ಲಿ?” ಅಂದಳು ಮಗಳು. ಕಥೆ ಓದಿದವರಿಗೆ ಗೊತ್ತು. ಮಿಸ್ಟರ್ ಮೆಕ್‌ಗ್ರೆಗರ್ ತೋಟಕ್ಕೆ ನುಗ್ಗಿ ಸಿಕ್ಕಿಬಿದ್ದ ಆ ಅಪ್ಪಮೊಲವನ್ನು ಮಿಸೆಸ್ ಮೆಕ್‌ಗ್ರೆಗರ್ ಪೈ ಮಾಡಿಬಿಟ್ಟಿದ್ದಳು. ಪುಸ್ತಕದ ಶುರುವಿನಲ್ಲೇ ಈ ಸುದ್ದಿ ಬರುತ್ತದೆ! ಕಪ್ಪು, ಟವೆಲ್‌ಗಳ ಮೇಲೆ ಅದರ ಸುಳಿವೇ ಇಲ್ಲ ಬಿಡಿ.

ಕೊನೆಗೆ ಇದ್ದೇ ಇದೆಯಲ್ಲ, ಅಂಗಡಿ. ಬರೆದವರು ಸತ್ತ ಮೇಲೆ ಯಾರೋ ಶುರುಮಾಡಿದ ವ್ಯಾಪಾರ ಇದು ಅಂತ ಮೂಗು ಮುರಿಯೋಣ ಅಂದರೆ, ಹಾಗಲ್ಲ. ಶುರು ಮಾಡಿದ್ದು ಪಾಟರ್ ಅವರೇ. 1893ರಲ್ಲಿ ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗನಿಗೆ ಚಿತ್ರ ಬಿಡಿಸಿ ಬರೆದ ಪತ್ರವೇ ಈ ಕಥೆಯ ಮೂಲ. ಮುಂದೆ ಅದನ್ನು ಪುಸ್ತಕ ಮಾಡಿದಾಗ ಪ್ರಕಾಶಕರು ಒಪ್ಪಲಿಲ್ಲ. 1901ರಲ್ಲಿ ತಮ್ಮದೇ ಖರ್ಚಿನಲ್ಲಿ 250 ಪ್ರತಿ ಹಾಕಿಸಿದರು. 1902ರಲ್ಲಿ ಫ್ರೆಡ್ರಿಕ್ ವಾರ್ನ್ ಸಂಸ್ಥೆ ಪ್ರಕಟಿಸಿತು, ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಆದರೆ ಅಮೆರಿಕದಲ್ಲಿ ಹಕ್ಕು ನೋಂದಾಯಿಸಿರಲಿಲ್ಲವಾದ್ದರಿಂದ ಅಲ್ಲಿ ಕಳ್ಳಪ್ರತಿಗಳು ಬಂದವು. 1903ರಲ್ಲಿ ಪಾಟರ್ ಸ್ವತಃ ಪೀಟರ್ ಬೊಂಬೆ ಹೊಲಿದರು. ಮೀಸೆಗೆ ಬ್ರಷ್‌ನ ಕೂದಲು ಕಿತ್ತು ಸಿಕ್ಕಿಸಿದರು. ಅದೇ ವರ್ಷದ ಕೊನೆಗೆ ಬೊಂಬೆಯ ಮೇಲಿನ ಹಕ್ಕನ್ನು ಪೇಟೆಂಟ್ ಕಚೇರಿಯಲ್ಲಿ ದಾಖಲಿಸಿದರು. ಆಮೇಲೆ ಬೋರ್ಡ್ ಆಟ, ಗೋಡೆಗೆ ಅಂಟಿಸುವ ಕಾಗದ. ಇದೆಲ್ಲ ಡಿಸ್ನಿಯ ಇಲಿ ಹುಟ್ಟುವುದಕ್ಕಿಂತ ಎರಡು ದಶಕ ಮುಂಚಿನ ಮಾತು.

ಆ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದನ್ನು ನೋಡಲು ಸರೋವರದ ಆಚೆ ದಡಕ್ಕೆ ಹೋಗಬೇಕು. ಕೇಬಲ್ ಹಿಡಿದು ಸಾಗುವ ಫೆರ‍್ರಿಗೆ ಕಾರು ಏರಿಸಿದೆವು. ದಾಟಲು ಕೆಲವೇ ನಿಮಿಷ. ಅಲ್ಲಿಂದ ಇಕ್ಕಟ್ಟಾದ ರಸ್ತೆಯಲ್ಲಿ ನಿಯರ್ ಸಾರಿ ಅನ್ನೋ ಹಳ್ಳಿ, ಅಲ್ಲಿ ಹಿಲ್ ಟಾಪ್. 1905ರಲ್ಲಿ ಪಾಟರ್ ಕೊಂಡ ಮನೆ, ತೋಟ, ಹೊಲ. ಅದೇ ಬೇಸಿಗೆಯಲ್ಲಿ ಅವರ ಜತೆ ಮದುವೆ ನಿಶ್ಚಯವಾಗಿದ್ದ, ಅದೇ ಪ್ರಕಾಶನ ಸಂಸ್ಥೆಯ ನಾರ್ಮನ್ ವಾರ್ನ್ ತೀರಿಕೊಂಡಿದ್ದರು. ಪುಸ್ತಕದ ರಾಯಲ್ಟಿಯೇ ಮನೆಗೆ ಮುಖ್ಯ ಬಂಡವಾಳ.

ಮನೆ ಚಿಕ್ಕದು, ಒಳಗೆ ಕತ್ತಲು. ಒಮ್ಮೆಗೆ ಜಾಸ್ತಿ ಜನ ಹಿಡಿಸುವುದಿಲ್ಲ, ಅದಕ್ಕೇ ಟಿಕೆಟ್ಟಿಗೆ ಹೊತ್ತು ಗೊತ್ತುಮಾಡಿರುತ್ತಾರೆ. ನಾವು ಕಾಯುತ್ತಾ ತೋಟದಲ್ಲಿ ಕೂತೆವು. ಒಳಗೆ ಹೋದ ಮೇಲೆ ಮಗಳಿಗೆ ಹಬ್ಬ. ಮೆಟ್ಟಿಲ ತಿರುವು, ಒಲೆ, ಅಲಮಾರು, ಎಲ್ಲವೂ ಪುಸ್ತಕದ ಪುಟದಲ್ಲಿ ಇದ್ದ ಹಾಗೇ. ಪಾಟರ್ ಅವರ ಇನ್ನೊಂದು ಕಥೆಯಲ್ಲಿ ಎರಡು ಇಲಿಗಳು ತಿನ್ನಲು ಹೋಗಿ ಬೇಸ್ತು ಬಿದ್ದ ಬೊಂಬೆ ಊಟವೂ ಇಲ್ಲಿದೆ. ಒಂದು ವಿಷಯ ಮಾತ್ರ ಅಂಗಡಿಯವರು ಹೇಳುವುದಿಲ್ಲ: ಪೀಟರ್ ಈ ಮನೆಯವನಲ್ಲ. ಅವನ ಕಥೆ ಬಂದಾಗ ಪಾಟರ್ ಇನ್ನೂ ಇದನ್ನು ಕೊಂಡೇ ಇರಲಿಲ್ಲ. ಹಿಲ್ ಟಾಪ್ ಅಂದರೆ ಬೆಕ್ಕಿನಮರಿ ಟಾಮ್, ಬಾತುಕೋಳಿ ಜೆಮೈಮಾ, ಇಲಿ ಸ್ಯಾಮ್ಯುಯೆಲ್ ವಿಸ್ಕರ್ಸ್ ಅವರ ಮನೆ. ಆದರೂ ಇಲ್ಲಿ ಮಾರಾಟವಾಗುವುದು ಪೀಟರೇ.

ಮುಂದೆ ಪಾಟರ್ ಬರೆಯುವುದನ್ನು ಕಡಿಮೆ ಮಾಡಿ ಹರ್ಡ್‌ವಿಕ್ ಕುರಿ ಸಾಕಿದರು. ಇಲ್ಲಿನ ಗುಡ್ಡಗಳಿಗೆ ಒಗ್ಗಿದ ಗಟ್ಟಿ ತಳಿ ಅದು. ಒಂದಾದ ಮೇಲೊಂದು ಫಾರ್ಮ್ ಕೊಂಡರು. ಪುಸ್ತಕದ ದುಡ್ಡಿನ ಜತೆಗೆ ಅಪ್ಪ ಅಮ್ಮನಿಂದ ಬಂದಿದ್ದೂ ಸೇರಿತ್ತು ಅನ್ನಿ. 1943ರ ಡಿಸೆಂಬರಿನಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು, ಪಾರಂಪರಿಕ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ಬರೆದಿಟ್ಟಿದ್ದರು. ಕಣಿವೆಯ ಎಷ್ಟೋ ಭಾಗ ರೆಸಾರ್ಟು, ಬಂಗಲೆಗಳ ಪಾಲಾಗದೆ ಇಂದಿಗೂ ಕುರಿ ಮೇಯುವ ಜಾಗವಾಗಿ ಉಳಿದಿರುವುದರಲ್ಲಿ ಈ ಮೊಲದ ಪಾಲು ದೊಡ್ಡದು. ಬೋನೆಸ್ ಅಂಗಡಿಗಳ ಮೇಲಿನ ನನ್ನ ಸಿಟ್ಟು ಇಲ್ಲಿ ಅರ್ಧ ಇಳಿಯಿತು. ಇನ್ನರ್ಧ ಆ ಪ್ಲಾಸ್ಟಿಕ್ ಕೀಚೈನುಗಳಿಗೆ ಮೀಸಲು.

ಮಗಳಿಗೆ ಬೊಂಬೆ ಬೇಕೇ ಬೇಕಿತ್ತು. ಹಿಲ್ ಟಾಪ್‌ನ ಅಂಗಡಿಯಲ್ಲೇ ಕೊಡಿಸಿದೆ. ಅದು ಟ್ರಸ್ಟಿನದು, ಉಳಿದ ಲಾಭ ಇಂಥ ಜಾಗಗಳನ್ನು ಕಾಪಾಡುವ ಕೆಲಸಕ್ಕೆ ಹೋಗುತ್ತದೆ. ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ, ಎಲ್ಲಿ ಕೊಂಡರೂ ಬೊಂಬೆ ಒಂದೇ ಥರ ಇರುತ್ತೆ ಅಲ್ವಾ?

ಸಮಯ ಉಳಿದರೆ ಟಾರ್ನ್ ಹೌಸ್ ಕಡೆ ಕಾರು ತಿರುಗಿಸಿ. ಗುಡ್ಡಗಳ ನಡುವಿನ ಸಣ್ಣ ಕೆರೆ. ಪಾಟರ್ 1930ರಲ್ಲಿ ಕೊಂಡ ದೊಡ್ಡ ಎಸ್ಟೇಟಿನ ಭಾಗ ಅದು. ಅರ್ಧದಷ್ಟನ್ನು ಕೊಂಡ ಬೆಲೆಗೇ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. ಸುತ್ತಲೂ ಸಲೀಸಾದ ದಾರಿ, ಮಕ್ಕಳೂ ಆರಾಮಾಗಿ ನಡೆಯಬಹುದು. ಟಿಕೆಟ್ ಇಲ್ಲ, ಪಾರ್ಕಿಂಗ್‌ಗೆ ಮಾತ್ರ ಕೆಲವು ಪೌಂಡ್ ಕೊಡಬೇಕು. ಅದೂ ಟ್ರಸ್ಟ್‌ಗೇ.